ಅತಿಥಿ, ಆತಿಥೇಯ ಮತ್ತು ಗಂಟು ಹಿಡಿದ ಮೂರನೆಯವರು

ರಜೆಯ ದಿನಗಳು ಬಂತೆಂದರೆ ಒಂದು ಜಗಳವೂ ಜೊತೆಗೇ ಬರುತ್ತದೆ. ಹೋಮ್‌ಸ್ಟೇಯಲ್ಲೋ ಪ್ರವಾಸಿ ತಾಣದ ಬಾಡಿಗೆ ಮನೆಯಲ್ಲೋ ಮೂರು ರಾತ್ರಿಗೆಂದು ಕೋಣೆ ಕಾದಿರಿಸಿದ ಕುಟುಂಬ ಕೊನೆಯ ಗಳಿಗೆಯಲ್ಲಿ ಪ್ರಯಾಣ ಕೈಬಿಡುತ್ತದೆ. ಯಾರಿಗೋ ಜ್ವರ ಬಂದಿರುತ್ತದೆ, ಕಚೇರಿಯಲ್ಲಿ ರಜೆ ಸಿಕ್ಕಿರುವುದಿಲ್ಲ ಅಥವಾ ಘಾಟಿಯಲ್ಲಿ ಮಣ್ಣು ಕುಸಿದಿರುತ್ತದೆ. “ಒಂದು ರಾತ್ರಿಯೂ ತಂಗದ ಕೋಣೆಗೆ ನಾವೇಕೆ ಹಣ ಕೊಡಬೇಕು?” ಎಂದು ಅತಿಥಿ ಕೇಳುತ್ತಾರೆ. “ನಿಮಗಾಗಿ ಕೋಣೆ ಖಾಲಿ ಇಟ್ಟು ಬೇರೆಯವರನ್ನು ಮರಳಿ ಕಳಿಸಿದೆವಲ್ಲ, ಆ ನಷ್ಟವನ್ನು ಯಾರು ತುಂಬುತ್ತಾರೆ?” ಎಂದು ಮನೆಯವರು ಕೇಳುತ್ತಾರೆ. ಕೆಲವೊಮ್ಮೆ ಜಗಳ ತಿರುವುಮುರುವಾಗುತ್ತದೆ. ಅತಿಥಿ ಪೆಟ್ಟಿಗೆ ಕಟ್ಟಿ ರೈಲು ಹತ್ತಿದ ಮೇಲೆ ಮನೆಯವರೇ ಬುಕಿಂಗ್ ರದ್ದು ಮಾಡಿರುತ್ತಾರೆ.

ಎರಡೂ ಕಡೆಯ ಪ್ರಶ್ನೆಗಳು ನ್ಯಾಯವಾದುವೇ. ಆದ್ದರಿಂದಲೇ ಈ ಜಗಳ ಮುಗಿಯುವುದಿಲ್ಲ. ಅತಿಥಿ ಮನೆಯವರನ್ನು ದುರಾಸೆಯವರೆಂದು ಕರೆಯುತ್ತಾರೆ, ಮನೆಯವರು ಅತಿಥಿಯನ್ನು ಬೇಜವಾಬ್ದಾರಿಯವರೆಂದು ದೂರುತ್ತಾರೆ. ಆದರೆ ಇಬ್ಬರ ನಡುವೆ ಮೂರನೆಯವರೊಬ್ಬರು ಇದ್ದಾರೆ ಎಂಬುದನ್ನು ಇಬ್ಬರೂ ಮರೆಯುತ್ತಾರೆ. ಹಣ ಅವರ ಕೈಯಲ್ಲಿದೆ, ನಿಯಮ ಬರೆದವರು ಅವರು, ತೀರ್ಪು ಕೊಡುವವರೂ ಅವರೇ. ರೊಟ್ಟಿಗಾಗಿ ಕಾದಾಡಿದ ಎರಡು ಬೆಕ್ಕುಗಳ ಮತ್ತು ತಕ್ಕಡಿ ಹಿಡಿದ ಕೋತಿಯ ಕತೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದವರು. ಆ ಕತೆಯನ್ನು ಮತ್ತೆ ನೆನೆಯಬೇಕಾದ ಕಾಲ ಇದು.

ಮೊದಲು ಪದಗಳ ಮಾತು. ‘ತಿಥಿ’ಯಿಲ್ಲದೆ, ಅಂದರೆ ದಿನ ಗೊತ್ತುಮಾಡದೆ ಬರುವವನೇ ಅತಿಥಿ ಎಂದು ನಮ್ಮ ಹಿರಿಯರು ಆ ಪದಕ್ಕೆ ಅರ್ಥ ಹೇಳುತ್ತಿದ್ದರು. ಊರೂರಿನ ಛತ್ರಗಳು, ಮುಸಾಫಿರ್‌ಖಾನೆಗಳು ಇಂಥ ಬರವಿಗಾಗಿಯೇ ಎದ್ದು ನಿಂತವು. ಇಂದಿನ ಅತಿಥಿಯಾದರೋ ದಿನ, ಗಂಟೆ, ತಲೆ ಎಣಿಕೆ ಎಲ್ಲವನ್ನೂ ಮೊದಲೇ ತಿಳಿಸಿ, ಪೂರ್ತಿ ಹಣವನ್ನೂ ಮುಂಗಡವಾಗಿ ಕಟ್ಟಿ ಬರುವವರು. ಇದರಲ್ಲಿ ತಪ್ಪೇನೂ ಇಲ್ಲ. ಕೊಡಗು, ಚಿಕ್ಕಮಗಳೂರಿನ ಎಷ್ಟೋ ಬೆಳೆಗಾರ ಕುಟುಂಬಗಳಿಗೆ ಕಾಫಿ, ಮೆಣಸಿನ ದರ ಕೈಕೊಟ್ಟಾಗ ಆಸರೆಯಾದದ್ದು ಹಿತ್ತಲಿನ ಎರಡು ಕೋಣೆಗಳು. ವ್ಯಾಪಾರ ಪಾಪವಲ್ಲ. ಆದರೆ ವ್ಯಾಪಾರಕ್ಕೆ ವ್ಯಾಪಾರದ ನ್ಯಾಯ ಬೇಕು. ‘ಅತಿಥಿ’, ‘ಆತಿಥೇಯ’ ಎಂಬ ಮಧುರ ಪದಗಳ ಹಿಂದೆ ಒಂದು ಕರಾರು ಅಡಗಿದ್ದರೆ, ಆ ಕರಾರನ್ನು ಬೆಳಕಿಗೆ ಹಿಡಿದು ಓದಲೇಬೇಕು.

ಹಾಗೆ ಓದಲು ಈ ವ್ಯವಹಾರದ ಅತಿ ದೊಡ್ಡ ಕಂಪನಿಗಳಲ್ಲೊಂದನ್ನೇ ತೆಗೆದುಕೊಳ್ಳೋಣ. 2008ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಏರ್‌ಬಿಎನ್‌ಬಿ ಒಂದೇ ಒಂದು ಮನೆ ಕಟ್ಟದೆ ಜಗತ್ತಿನಾದ್ಯಂತ ಮನೆ ಬಾಡಿಗೆಗೆ ಕೊಡಿಸುವ ಸಂಸ್ಥೆ. ಅತಿಥಿ ಕಟ್ಟಿದ ಹಣ ನೇರವಾಗಿ ಮನೆಯವರಿಗೆ ಹೋಗುವುದಿಲ್ಲ. ಅದು ಕಂಪನಿಯ ಬಳಿ ಉಳಿದು, ಅತಿಥಿ ಮನೆಗೆ ಬಂದಿಳಿದ ಸುಮಾರು 24 ಗಂಟೆಗಳ ನಂತರ ಮನೆಯವರಿಗೆ ಬಿಡುಗಡೆಯಾಗುತ್ತದೆ. ಹಲವು ವರ್ಷಗಳ ಕಾಲ ಅದರ ಸಾಮಾನ್ಯ ಪದ್ಧತಿ ಹೀಗಿತ್ತು: ಮನೆಯವರಿಂದ ಶೇ. 3ರಷ್ಟು, ಅತಿಥಿಯಿಂದ ಶೇ. 14ರ ಆಸುಪಾಸಿನಲ್ಲಿ ಸೇವಾ ಶುಲ್ಕ. ರದ್ದತಿಗೆ ಸಂಬಂಧಿಸಿ ಕಂಪನಿ ಬರೆದಿಟ್ಟ ಕೆಲವು ನಿಯಮಗಳಲ್ಲಿ ಒಂದನ್ನು ಮನೆಯವರು ಆರಿಸಿಕೊಳ್ಳಬೇಕಿತ್ತು. ‘ಸಡಿಲ’ ನಿಯಮದಲ್ಲಿ ಬರುವ ಹಿಂದಿನ ದಿನದವರೆಗೂ ಪೂರ್ತಿ ಹಣ ವಾಪಸು. ‘ಮಧ್ಯಮ’ದಲ್ಲಿ ಐದು ದಿನ ಮೊದಲಿನವರೆಗೆ. ‘ಕಠಿಣ’ ನಿಯಮದಲ್ಲಿ, ಬುಕಿಂಗ್ ಮಾಡಿದ ಆರಂಭದ 48 ಗಂಟೆಗಳ ವಿನಾಯಿತಿ ಕಳೆದ ಮೇಲೆ, ಏಳು ದಿನ ಮೊದಲು ರದ್ದು ಮಾಡಿದರೆ ಅರ್ಧ ಹಣ ವಾಪಸು, ಅದಕ್ಕೂ ತಡವಾದರೆ ಏನೂ ಇಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ದಿನಕ್ಕೆ 4,000 ರೂಪಾಯಿಯಂತೆ ಮೂರು ರಾತ್ರಿಗೆ 12,000 ರೂಪಾಯಿ. ಅತಿಥಿ ಹತ್ತು ದಿನ ಮೊದಲು ರದ್ದು ಮಾಡಿದರೆ ಕಠಿಣ ನಿಯಮದಂತೆ 6,000 ಅವರಿಗೆ ಮರಳುತ್ತದೆ, ಉಳಿದ 6,000 ಶುಲ್ಕ ಕಳೆದು ಮನೆಯವರಿಗೆ ಸೇರುತ್ತದೆ. ಅತಿಥಿ ಕೊಟ್ಟ ಸೇವಾ ಶುಲ್ಕ ಮರಳುವುದೋ ಇಲ್ಲವೋ ಎಂಬುದು ಮತ್ತೆ ಕಂಪನಿಯ ನಿಯಮಕ್ಕೆ ಬಿಟ್ಟದ್ದು. ಇಲ್ಲಿ ಅತಿಥಿಗೆ ನಷ್ಟವಿದೆ. ಕೋಣೆ ಖಾಲಿ ಉಳಿದರೆ ಮನೆಯವರಿಗೂ ನಷ್ಟವಿದೆ. ನಿಯಮ ಬರೆದವರಿಗೆ ಏನು ನಷ್ಟ?

ಈ ಪ್ರಶ್ನೆಗೆ ಇಡೀ ಜಗತ್ತಿನ ಮುಂದೆ ಉತ್ತರ ಸಿಕ್ಕಿದ್ದು 2020ರ ಮಾರ್ಚ್‌ನಲ್ಲಿ. ಕೊರೊನಾ ಹರಡುತ್ತಿದ್ದಂತೆ ಜನರು ಪ್ರಯಾಣ ನಿಲ್ಲಿಸಿದರು. ಮಾರ್ಚ್ 14ರಂದು ಅಥವಾ ಅದಕ್ಕೆ ಮೊದಲು ಬುಕಿಂಗ್ ಮಾಡಿ, ಏಪ್ರಿಲ್ 14ರೊಳಗೆ ತಂಗಬೇಕಿದ್ದ ಅತಿಥಿಗಳು ಯಾವ ದಂಡವೂ ಇಲ್ಲದೆ ಪೂರ್ತಿ ಹಣ ವಾಪಸು ಪಡೆಯಬಹುದೆಂದು ಏರ್‌ಬಿಎನ್‌ಬಿ ಪ್ರಕಟಿಸಿತು. ಈ ಅವಧಿಯನ್ನು ಅನಂತರ ವಿಸ್ತರಿಸಲಾಯಿತು. ಮನೆಯವರು ಆರಿಸಿಕೊಂಡಿದ್ದ ಸಡಿಲ, ಮಧ್ಯಮ, ಕಠಿಣ ನಿಯಮಗಳೆಲ್ಲ ಒಂದೇ ಪ್ರಕಟಣೆಯಲ್ಲಿ ಅಳಿಸಿಹೋದವು.

ಅತಿಥಿಗೆ ಹಣ ಮರಳಿಸಿದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಸಾಂಕ್ರಾಮಿಕದ ನಡುವೆ ಯಾರನ್ನೂ ಪ್ರಯಾಣಕ್ಕೆ ದೂಡಬಾರದು. ಮನೆಯಲ್ಲಿ ಕುಳಿತವರಿಗೆ ದಂಡ ಹಾಕಲೂ ಬಾರದು. ಬ್ರಿಟನ್ನಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರವೂ ಆ ವರ್ಷದ ಏಪ್ರಿಲ್ 30ರಂದು ಇದನ್ನೇ ಹೇಳಿತು: ಸರಕಾರದ ನಿರ್ಬಂಧದಿಂದಾಗಿ ಸೇವೆ ಸಿಗದಿದ್ದರೆ ಗ್ರಾಹಕರಿಗೆ ಸಾಮಾನ್ಯವಾಗಿ ಪೂರ್ತಿ ಹಣ ಮರಳಬೇಕು. ನಮ್ಮ ಆಕ್ಷೇಪ ಬೇರೆಯದು. ಔದಾರ್ಯ ತೋರಿದ್ದು ಕಂಪನಿ. ಆದರೆ ತೋರಿದ್ದು ಯಾರ ಹಣದಿಂದ? ಸಾಲ ಮಾಡಿ ಕೋಣೆ ಕಟ್ಟಿಸಿದವರು, ಆ ಬಾಡಿಗೆಯಿಂದಲೇ ಕಂತು ಕಟ್ಟುತ್ತಿದ್ದವರು ಒಂದು ಮಾತೂ ಕೇಳಿಸಿಕೊಳ್ಳದೆ ಆ ನಷ್ಟ ಹೊತ್ತರು.

ಮನೆಯವರ ಸಿಟ್ಟು ಎಷ್ಟಿತ್ತೆಂದರೆ ಎರಡು ವಾರಗಳಲ್ಲೇ, ಮಾರ್ಚ್ 30ರಂದು, ಕಂಪನಿಯ ಮುಖ್ಯಸ್ಥ ಬ್ರಿಯಾನ್ ಚೆಸ್ಕಿ ಮನೆಯವರಿಗೆ ಬಹಿರಂಗ ಪತ್ರ ಬರೆದು, ಪಾಲುದಾರರಾದ ಅವರೊಡನೆ ಸಮಾಲೋಚಿಸದೆ ಈ ತೀರ್ಮಾನವನ್ನು ತಿಳಿಸಿದ್ದಕ್ಕಾಗಿ ವಿಷಾದಿಸಿದರು. 25 ಕೋಟಿ ಡಾಲರ್ ಪರಿಹಾರವನ್ನೂ ಪ್ರಕಟಿಸಿದರು. ಮೇಲ್ನೋಟಕ್ಕೆ ದೊಡ್ಡ ಮೊತ್ತ. ಆದರೆ ಮನೆಯವರಿಗೆ ಕೊಡುವುದಾಗಿ ಹೇಳಿದ್ದು ರದ್ದತಿ ನಿಯಮದಂತೆ ಅವರಿಗೆ ಸಿಗಬೇಕಿದ್ದುದರ ಶೇ. 25 ಮಾತ್ರ. ನಾವು ಮೇಲೆ ಹಾಕಿದ ಲೆಕ್ಕವನ್ನೇ ನೋಡಿ. 12,000ದ ಬುಕಿಂಗಿನಲ್ಲಿ ಸಿಗಬೇಕಿದ್ದುದು 6,000. ಅದರ ಕಾಲುಭಾಗ 1,500.

ಕಂಪನಿಗೂ ಆ ವರ್ಷ ಕಷ್ಟವಿತ್ತು ಎಂಬುದನ್ನು ಮರೆಮಾಚಬೇಕಾಗಿಲ್ಲ. ಮೇ ತಿಂಗಳಲ್ಲಿ ಅದು ಸುಮಾರು 1,900 ನೌಕರರನ್ನು, ಅಂದರೆ ತನ್ನ ಸಿಬ್ಬಂದಿಯ ಕಾಲುಭಾಗವನ್ನು ಮನೆಗೆ ಕಳಿಸಿತು. ಆದರೆ ಅದೇ ವರ್ಷದ ಡಿಸೆಂಬರ್ 10ರಂದು ಅದರ ಷೇರು ಮಾರುಕಟ್ಟೆಗೆ ಬಂತು. 68 ಡಾಲರಿಗೆ ನಿಗದಿಯಾದ ಷೇರು ಮೊದಲ ದಿನವೇ 144 ಡಾಲರ್ ಮೀರಿ ನಿಂತಿತು. ಕಂಪನಿಯ ಮೌಲ್ಯ 8,600 ಕೋಟಿ ಡಾಲರ್ ದಾಟಿತು. ಮಾರ್ಚ್‌ನಲ್ಲಿ ಕಾಲುಪಾಲಿನ ಭರವಸೆ ಪಡೆದ ಮನೆಯವರ ಪಾಲಿನ ಉಳಿದ ಮುಕ್ಕಾಲು ಡಿಸೆಂಬರ್‌ನಲ್ಲೂ ಮರಳಲಿಲ್ಲ.

ಇನ್ನೊಂದು ಮಾತನ್ನೂ ಗಮನಿಸಬೇಕು. ಅತಿಥಿ ಹಣ ಕಟ್ಟಿದ ದಿನದಿಂದ ಮನೆಯವರ ಕೈಸೇರುವ ದಿನದವರೆಗೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆಯುತ್ತವೆ. ಅಷ್ಟೂ ದಿನ ಆ ಹಣ ಸುಮ್ಮನೆ ಮಲಗಿರುವುದಿಲ್ಲ. 2023ರಲ್ಲಿ ಈ ಕಂಪನಿಯ ಬಡ್ಡಿ ಆದಾಯ 70 ಕೋಟಿ ಡಾಲರ್ ಮೀರಿತ್ತು. ಅದರಲ್ಲಿ ಕಂಪನಿಯ ಸ್ವಂತ ಹಣಕ್ಕೆ ಬಂದ ಬಡ್ಡಿಯೂ ಸೇರಿದೆ, ನಿಜ. ಆದರೆ ಅತಿಥಿಗಳು ಮುಂಗಡವಾಗಿ ಕಟ್ಟಿ ಇನ್ನೂ ಮನೆಯವರ ಕೈಸೇರದ ಹಣದ ಬಡ್ಡಿಯೂ ಸೇರಿದೆ. 6,000 ರೂಪಾಯಿಗಾಗಿ ಅತಿಥಿ ಮತ್ತು ಮನೆಯವರು ಪರಸ್ಪರ ಮುಖ ನೋಡದಷ್ಟು ಜಗಳಾಡುವಾಗ ಗಂಟು ಹಿಡಿದವರು ಗಂಟಿನ ಫಲ ಉಣ್ಣುತ್ತಿರುತ್ತಾರೆ. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎಂಬ ಗಾದೆಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕೆ?

ಇನ್ನು ಮನೆಯವರೇ ರದ್ದು ಮಾಡುವ ವಿಷಯ. ಇಲ್ಲಿ ನಾವು ಮನೆಯವರ ಪರ ವಹಿಸಲಾರೆವು. ಹೆಚ್ಚು ಬಾಡಿಗೆ ಕೊಡುವವರು ಸಿಕ್ಕರೆಂದು ಮೊದಲು ಬಂದವರಿಗೆ ಕೈಕೊಡುವುದು ಉಂಟು. ಇದನ್ನು ತಡೆಯಲು 2022ರ ಆಗಸ್ಟ್ 22ರಿಂದ ಏರ್‌ಬಿಎನ್‌ಬಿ ಮನೆಯವರಿಗೆ ದಂಡ ವಿಧಿಸತೊಡಗಿತು. 30 ದಿನಕ್ಕಿಂತ ಮೊದಲು ರದ್ದು ಮಾಡಿದರೆ ಬುಕಿಂಗ್ ಮೊತ್ತದ ಶೇ. 10, ಅನಂತರ ಶೇ. 25, ಕೊನೆಯ 48 ಗಂಟೆಗಳಲ್ಲಿ ಶೇ. 50. ಒಳ್ಳೆಯ ಹೆಜ್ಜೆಯೇ. ಆದರೂ ತಕ್ಕಡಿಯ ಎರಡು ತಟ್ಟೆಗಳನ್ನು ನೋಡಿ. ಕಠಿಣ ನಿಯಮದಲ್ಲಿ ಕೊನೆಯ ವಾರ ರದ್ದು ಮಾಡಿದ ಅತಿಥಿ ಕಳೆದುಕೊಳ್ಳುವುದು ನೂರಕ್ಕೆ ನೂರು. ಕೊನೆಯ ದಿನ ಬಾಗಿಲು ಮುಚ್ಚಿದ ಮನೆಯವರು ತೆರುವುದು ನೂರಕ್ಕೆ ಐವತ್ತು. ಅತಿಥಿಯ ದಂಡ ಮನೆಯವರಿಗೆ ಹೋಗುತ್ತದೆ, ಮನೆಯವರ ದಂಡ ಕಂಪನಿಗೆ ಹೋಗುತ್ತದೆ. ನಡುದಾರಿಯಲ್ಲಿ ನಿಂತ ಅತಿಥಿಗೆ ಕಟ್ಟಿದ ಹಣ ಮರಳಬಹುದು, ಬೇರೆ ಮನೆ ಹುಡುಕಿಕೊಡುವ ಭರವಸೆಯೂ ಸಿಗಬಹುದು. ಆದರೆ ಹಬ್ಬದ ಹಿಂದಿನ ರಾತ್ರಿ ಅದೇ ದರಕ್ಕೆ ಕೋಣೆ ಸಿಗುವ ಊರು ಯಾವುದಿದೆ?

ಎಲ್ಲ ರದ್ದತಿಯೂ ಹಣದ ಲೆಕ್ಕದಿಂದಲೇ ಆಗುವುದಿಲ್ಲ ಎಂಬುದೂ ಕಹಿಸತ್ಯ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೂವರು ಸಂಶೋಧಕರು ಅಮೆರಿಕದ ಐದು ನಗರಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕಪ್ಪು ಸಮುದಾಯದ್ದೆಂದು ಗುರುತಾಗುವ ಹೆಸರಿನಿಂದ ಕೋಣೆ ಕೇಳಿದವರಿಗೆ ಒಪ್ಪಿಗೆ ಸಿಗುವ ಸಾಧ್ಯತೆ ಶೇ. 16ರಷ್ಟು ಕಡಿಮೆಯಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದ ಬಿಗ್ ಬೇರ್ ಎಂಬಲ್ಲಿಗೆ ಹಿಮದ ನಡುವೆ ಹೊರಟಿದ್ದ ಏಷ್ಯಾ ಮೂಲದ ಯುವತಿಯ ಬುಕಿಂಗನ್ನು ಮನೆಯ ಒಡತಿ ಆಕೆಯ ಜನಾಂಗದ ಹೆಸರೆತ್ತಿಯೇ ರದ್ದು ಮಾಡಿದಳು. ರಾಜ್ಯದ ಇಲಾಖೆ ಮಧ್ಯಪ್ರವೇಶಿಸಿದ ಮೇಲೆ ಆಕೆ 5,000 ಡಾಲರ್ ಪರಿಹಾರ ಕೊಡಬೇಕಾಯಿತು. 2018ರಲ್ಲಿ, ಬುಕಿಂಗ್ ಒಪ್ಪುವ ಮೊದಲು ಅತಿಥಿಯ ಭಾವಚಿತ್ರ ಮನೆಯವರಿಗೆ ಕಾಣದಂತೆ ಕಂಪನಿ ನಿಯಮ ಬದಲಿಸಿತು. ಆದರೆ ಹೆಸರು? ನಮ್ಮ ನಗರಗಳಲ್ಲಿ ಬಾಡಿಗೆ ಮನೆ ಹುಡುಕಿದ ಮುಸ್ಲಿಮರಿಗೆ, ದಲಿತರಿಗೆ ಹೆಸರು ಹೇಳಿದ ಕೂಡಲೇ ಮನೆ ‘ಭರ್ತಿ’ಯಾಗುವ ಅನುಭವ ಹೊಸದೇನಲ್ಲ. ಎದುರಿಗೆ ನಿಂತು ‘ಇಲ್ಲ’ ಎನ್ನಲು ಸ್ವಲ್ಪವಾದರೂ ಸಂಕೋಚ ಬೇಕಾಗುತ್ತಿತ್ತು. ರದ್ದು ಮಾಡುವ ಗುಂಡಿಗೆ ಆ ಸಂಕೋಚವೂ ಇಲ್ಲ. ಆದ್ದರಿಂದ ರದ್ದು ಮಾಡುವವರು ಕಾರಣ ಹೇಳಬೇಕು, ಆ ಕಾರಣವನ್ನು ಪರಿಶೀಲಿಸುವವರೂ ಇರಬೇಕು.

ಪ್ರಕೃತಿ ಮುನಿದಾಗ ಏನು ಮಾಡಬೇಕು? 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು, ಮಡಿಕೇರಿಯ ರಸ್ತೆಗಳು ಕಡಿದುಹೋದವು. ಅಲ್ಲಿಗೆ ಹೋಗಲಾಗದವರಿಗೆ ಹಣ ಮರಳಬೇಕು ಎಂಬುದರಲ್ಲಿ ವಿವಾದವಿಲ್ಲ. 2024ರ ಜುಲೈ 30ರಂದು ನಮ್ಮ ಗಡಿಯಾಚೆಯ ವಯನಾಡಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಊರುಗಳು ಮಣ್ಣಿನಡಿಯಾದವು. ಕುಸಿದದ್ದು ಜಿಲ್ಲೆಯ ಒಂದು ಭಾಗ, ಪ್ರವಾಸಿಗರು ಹಿಂಜರಿದದ್ದು ಇಡೀ ಜಿಲ್ಲೆಯಿಂದ. ಹೆದರಿದವರನ್ನು ದೂರಲಾಗದು, ಹತ್ತಾರು ಮೈಲಿ ಆಚೆ ಬಾಗಿಲು ತೆರೆದು ಕಾದ ಬಡಪಾಯಿಯದೂ ತಪ್ಪಲ್ಲ. ಯಾರದೂ ತಪ್ಪಿಲ್ಲದ ನಷ್ಟವನ್ನು ಒಬ್ಬರ ತಲೆಗೇ ಕಟ್ಟುವುದು ನ್ಯಾಯವಲ್ಲ. ಹಂಚಿಕೊಳ್ಳುವುದೇ ನ್ಯಾಯ. ಹಂಚಿಕೊಳ್ಳುವವರ ಸಾಲಿನಲ್ಲಿ ಪ್ರತಿ ಬುಕಿಂಗಿನಿಂದಲೂ ಶುಲ್ಕ ಪಡೆದವರು ಮೊದಲು ನಿಲ್ಲಬೇಕು.

“ನಿಯಮಗಳನ್ನು ಓದಿ ಒಪ್ಪಿದ್ದೇನೆ ಎಂದು ನೀವೇ ಗುಂಡಿ ಒತ್ತಿದ್ದೀರಲ್ಲ” ಎಂಬುದು ಕಂಪನಿಗಳ ಸಿದ್ಧ ಉತ್ತರ. ಹತ್ತಾರು ಪುಟಗಳ, ಕಾನೂನಿನ ಇಂಗ್ಲಿಷಿನ ಆ ಕರಾರನ್ನು ಎಷ್ಟು ಜನ ಓದಿದ್ದಾರು? ಓದಿದರೂ ಒಂದು ಸಾಲನ್ನಾದರೂ ಬದಲಿಸಲು ಸಾಧ್ಯವೇ? ಬದಲಿಸುವ ಹಕ್ಕು ಅವರಿಗೆ ಮಾತ್ರ. 2020ರಲ್ಲಿ ಬದಲಿಸಿದರು, 2022ರಲ್ಲಿ ಬದಲಿಸಿದರು, 2025ರ ಅಕ್ಟೋಬರ್‌ನಲ್ಲಿ ಬುಕಿಂಗ್ ಮಾಡಿದ 24 ಗಂಟೆಯೊಳಗೆ ರದ್ದು ಮಾಡುವ ಅವಕಾಶ ಸೇರಿಸಿ ಮತ್ತೊಮ್ಮೆ ಬದಲಿಸಿದರು. ಒಂದು ಕಡೆಯವರಷ್ಟೇ ತಿದ್ದಬಹುದಾದ ಒಪ್ಪಂದವನ್ನು ಒಪ್ಪಂದ ಎನ್ನಬೇಕೋ ಫರ್ಮಾನು ಎನ್ನಬೇಕೋ?

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 1872ರಷ್ಟು ಹಳೆಯ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನಂತೆ, ಕರಾರು ಮುರಿದರೆ ಇಷ್ಟು ದಂಡ ಎಂದು ಬರೆದುಕೊಂಡಿದ್ದರೂ ನ್ಯಾಯಾಲಯ ಕೊಡಿಸುವುದು ಆ ಮಿತಿಯೊಳಗಿನ ಸಮಂಜಸ ಪರಿಹಾರವನ್ನು ಮಾತ್ರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ನಷ್ಟಕ್ಕೆ ಮೀರಿದ ದಂಡ ಹೇರುವ ಕರಾರನ್ನು ‘ಅನ್ಯಾಯದ ಕರಾರು’ಗಳ ಸಾಲಿಗೆ ಸೇರಿಸಿದೆ. 2020ರ ಜುಲೈಯಲ್ಲಿ ಬಂದ ಇ-ವಾಣಿಜ್ಯ ನಿಯಮಗಳು ಇನ್ನೂ ನೇರವಾಗಿವೆ: ಕಂಪನಿಯು ತಾನೇ ಏಕಪಕ್ಷೀಯವಾಗಿ ರದ್ದು ಮಾಡಿದಾಗ ಅಂಥದೇ ಶುಲ್ಕ ಹೊರಲು ಸಿದ್ಧವಿಲ್ಲದಿದ್ದರೆ ಗ್ರಾಹಕರಿಂದ ರದ್ದತಿ ಶುಲ್ಕ ವಸೂಲು ಮಾಡುವಂತಿಲ್ಲ. ದೂರು ಅಧಿಕಾರಿಯೊಬ್ಬರಿರಬೇಕು, ಅವರು 48 ಗಂಟೆಗಳಲ್ಲಿ ದೂರು ಸ್ವೀಕರಿಸಿದ್ದನ್ನು ತಿಳಿಸಿ, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು ಎಂದೂ ಅವು ಹೇಳುತ್ತವೆ.

ಹಾಗಿದ್ದರೂ ಜಗಳ ಏಕೆ ಮುಗಿಯುತ್ತಿಲ್ಲ? ಕಾನೂನಿನ ಬಲೆಯಲ್ಲಿ ದೊಡ್ಡ ಕಿಂಡಿಗಳಿವೆ. “ಶುಲ್ಕ ನಮ್ಮದಲ್ಲ, ಮನೆಯವರದು, ನಾವು ಕೇವಲ ಮಧ್ಯವರ್ತಿಗಳು” ಎಂದು ಕಂಪನಿ ಜಾರಿಕೊಳ್ಳಬಹುದು. ಅನ್ಯಾಯದ ಕರಾರಿನ ದೂರನ್ನು ಜಿಲ್ಲಾ ಆಯೋಗ ಕೇಳುವಂತಿಲ್ಲ, ರಾಜ್ಯ ಆಯೋಗದ ಮೆಟ್ಟಿಲು ಹತ್ತಬೇಕು. 6,000 ರೂಪಾಯಿಗಾಗಿ ಯಾರು ಹತ್ತುತ್ತಾರೆ? ಮನೆಯವರಂತೂ ಕಾನೂನಿನ ಕಣ್ಣಿನಲ್ಲಿ ಮಾರಾಟಗಾರರು, ಗ್ರಾಹಕರ ವೇದಿಕೆ ಅವರಿಗೆ ಸುಲಭವಾಗಿ ತೆರೆದುಕೊಳ್ಳುವುದಿಲ್ಲ. ಲಾಕ್‌ಡೌನಿನಲ್ಲಿ ರದ್ದಾದ ವಿಮಾನ ಟಿಕೆಟ್ಟುಗಳ ಹಣ ಮರಳಿಸುವ ಬಗ್ಗೆ ಸುಪ್ರೀಂ ಕೋರ್ಟು 2020ರ ಅಕ್ಟೋಬರ್ 1ರಂದು ತೀರ್ಪು ನೀಡಿತು. ಆ ತೀರ್ಪು ವಿಮಾನಕ್ಕೆ ಸಂಬಂಧಿಸಿದ್ದು. ವಿಮಾನ ಇಳಿದು ತಂಗಬೇಕಿದ್ದ ಕೋಣೆಯ ಹಣವನ್ನು ಅದು ಮುಟ್ಟಲಿಲ್ಲ.

ಇದು ಹೊಸ ಕಾಲದ ಹೊಸ ಪ್ರಶ್ನೆ ಎಂದು ಭಾವಿಸಬೇಕಾಗಿಲ್ಲ. ಮುಂಗಡ ಕೊಟ್ಟು ಖರೀದಿಗೆ ಬಾರದವನ ಹಣ ಏನಾಗಬೇಕೆಂದು ಇಸ್ಲಾಮೀ ನ್ಯಾಯಶಾಸ್ತ್ರಜ್ಞರು ಶತಮಾನಗಳ ಹಿಂದೆಯೇ ಚರ್ಚಿಸಿದ್ದರು. ‘ಅರ್ಬೂನ್’ ಎಂಬ ಈ ಮುಂಗಡವನ್ನು ಮಾರುವವನು ಸುಮ್ಮನೆ ಮುಟ್ಟುಗೋಲು ಹಾಕಿಕೊಳ್ಳುವುದನ್ನು ಹನಫೀ, ಮಾಲಿಕೀ, ಶಾಫಿಈ ವಿದ್ವಾಂಸರು ಒಪ್ಪಲಿಲ್ಲ. ಏನನ್ನೂ ಕೊಡದೆ ಇನ್ನೊಬ್ಬನ ಹಣ ಪಡೆದಂತಾಗುತ್ತದೆ ಎಂಬುದು ಅವರ ಆಕ್ಷೇಪ. ಹಂಬಲೀ ಪಂಥ ಅದನ್ನು ಒಪ್ಪಿತು. ಸರಕನ್ನು ಬೇರೆಯವರಿಗೆ ಮಾರದೆ ಕಾದವನಿಗೂ ನಷ್ಟವಿದೆಯಲ್ಲ ಎಂಬ ವಾದವೂ ಇತ್ತು. ಇಂದಿನ ಅತಿಥಿ ಮತ್ತು ಮನೆಯವರ ವಾದಗಳೇ ಇವು! ಇವೆರಡರ ನಡುವೆ ‘ಇಖಾಲ’ ಎಂಬ ಇನ್ನೊಂದು ದಾರಿಯನ್ನೂ ಅವರು ತೋರಿದರು: ಕರಾರಿಗೆ ಬಂದು ಪಶ್ಚಾತ್ತಾಪ ಪಟ್ಟವನನ್ನು ಇನ್ನೊಬ್ಬ ತಾನಾಗಿ ಬಿಡುಗಡೆ ಮಾಡುವುದು. ಅದು ಪುಣ್ಯದ ಕೆಲಸವೆನಿಸಿತ್ತು. ಆದರೆ ಆ ಚರ್ಚೆ ಇದ್ದದ್ದು ಎದುರುಬದುರು ನಿಂತ ಇಬ್ಬರ ನಡುವೆ. ಇಬ್ಬರ ಹಣವನ್ನೂ ಹಿಡಿದು, ಇಬ್ಬರ ಮುಖವನ್ನೂ ನೋಡದ ಮೂರನೆಯವನು ಅಲ್ಲಿ ಇರಲಿಲ್ಲ.

ಹಾಗಾದರೆ ನಮ್ಮ ಬೇಡಿಕೆಯೇನು?

ಮೊದಲನೆಯದಾಗಿ, ರದ್ದಾದ ಕೋಣೆ ಅದೇ ದಿನಗಳಿಗೆ ಬೇರೆಯವರಿಗೆ ಹೋದರೆ, ನಿಜವಾದ ಖರ್ಚನ್ನು ಕಳೆದು ಮೊದಲ ಅತಿಥಿಯ ಹಣ ಮರಳಬೇಕು. ಒಂದೇ ಹಾಸಿಗೆಗೆ ಎರಡು ಬಾಡಿಗೆ ನ್ಯಾಯವಲ್ಲ. ಕೋಣೆ ಮರಳಿ ಭರ್ತಿಯಾಯಿತೇ ಎಂಬುದು ಕಂಪನಿಯ ಕಂಪ್ಯೂಟರಿಗೆ ಕ್ಷಣದಲ್ಲಿ ಗೊತ್ತಾಗುತ್ತದೆ. ಗೊತ್ತಿಲ್ಲ ಎನ್ನುವ ನೆಪ ಬೇಡ.

ಎರಡನೆಯದಾಗಿ, ವಿಪತ್ತಿನ ಕಾರಣವಿಲ್ಲದೆ ರದ್ದು ಮಾಡುವ ಮನೆಯವರು, ಅದೇ ದಿನ ಅತಿಥಿ ರದ್ದು ಮಾಡಿದ್ದರೆ ಎಷ್ಟು ತೆರಬೇಕಿತ್ತೋ ಅಷ್ಟನ್ನೇ ತೆರಬೇಕು. ಅದು ಕಂಪನಿಗಲ್ಲ, ಅತಿಥಿಗೆ ಸೇರಬೇಕು.

ಮೂರನೆಯದಾಗಿ, ಯಾರದೂ ತಪ್ಪಿಲ್ಲದ ಸಂದರ್ಭದಲ್ಲಿ ನಷ್ಟವನ್ನು ಮೂವರೂ ಹೊರಬೇಕು. ಕಂಪನಿ ತನ್ನ ಸೇವಾ ಶುಲ್ಕವನ್ನು ಪೂರ್ತಿ ಬಿಟ್ಟುಕೊಡಬೇಕು. ಒಳ್ಳೆಯ ದಿನಗಳ ಶುಲ್ಕ ಮತ್ತು ಬಡ್ಡಿಯಿಂದ ಕೆಟ್ಟ ದಿನಗಳಿಗೊಂದು ನಿಧಿ ಕಟ್ಟಿಡಬೇಕು.

ನಾಲ್ಕನೆಯದಾಗಿ, ಹಣ ಕಟ್ಟುವ ಮೊದಲೇ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ, ರೂಪಾಯಿ ಲೆಕ್ಕದಲ್ಲಿ ಒಂದು ಸಾಲು ಕಾಣಿಸಬೇಕು: ‘ಇಂಥ ದಿನದ ನಂತರ ರದ್ದು ಮಾಡಿದರೆ ನಿಮ್ಮ 6,000 ರೂಪಾಯಿ ಮರಳುವುದಿಲ್ಲ.’ ಶೇಕಡಾವಾರು ಲೆಕ್ಕದ ಮಂಜಿನಲ್ಲಿ ಯಾರನ್ನೂ ಸಿಕ್ಕಿಸಬಾರದು.

ಕೊನೆಯದಾಗಿ, ಅನ್ಯಾಯದ ಕರಾರಿನ ದೂರನ್ನು ಕೇಳುವ ಅಧಿಕಾರ ಜಿಲ್ಲಾ ಆಯೋಗಕ್ಕೂ ಸಿಗಬೇಕು. ಸ್ವಂತ ಮನೆಯ ಒಂದೆರಡು ಕೋಣೆಗಳಿಂದ ಹೊಟ್ಟೆ ಹೊರೆಯುವವರು ಕಂಪನಿಯ ವಿರುದ್ಧ ಅಲ್ಲಿ ದೂರು ಕೊಡುವಂತಾಗಬೇಕು.

ಸರಕಾರ ಎಚ್ಚರಗೊಳ್ಳುವವರೆಗೆ ಕಾಯಬೇಕಾಗಿಲ್ಲ. ಅನ್ಯಾಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದಕ್ಕೆ ವಕೀಲರು ಬೇಕಿಲ್ಲ. ಅತಿಥಿಗಳಾದ ನಾವು, ಬರಲಾಗದೆಂದು ಖಚಿತವಾದ ದಿನವೇ ತಿಳಿಸುವ ಸೌಜನ್ಯ ಕಲಿಯಬೇಕು. ಸುಳ್ಳು ವೈದ್ಯಕೀಯ ಪತ್ರ ಹಿಡಿದು ಬಡ ಮನೆಯವರ ಹಣ ಹಿಂಪಡೆಯುವುದು ಜಾಣತನವಲ್ಲ, ವಂಚನೆ. ಮನೆಯವರು ಕೂಡ ಆಸ್ಪತ್ರೆಯ ಬಾಗಿಲಿನಿಂದ ಕರೆ ಮಾಡಿದವರಿಗೆ ನಿಯಮದ ಪುಟ ತೋರಿಸುವ ಮೊದಲು ಒಂದು ಗಳಿಗೆ ಯೋಚಿಸಬೇಕು. ಇನ್ನೊಂದು ದಿನಕ್ಕೆ ಕೋಣೆ ಕಾದಿರಿಸಿ ಕೊಟ್ಟರೆ ಇಬ್ಬರಿಗೂ ನಷ್ಟವಿಲ್ಲ.

ಹೀಗೆ ಅತಿಥಿ ಮತ್ತು ಮನೆಯವರು ತಮ್ಮ ತಮ್ಮ ಕರ್ತವ್ಯ ಮಾಡಿದ ಮೇಲೂ ಒಂದು ಬಾಕಿ ಉಳಿಯುತ್ತದೆ. ಅದು ಮೂರನೆಯವರ ಬಾಕಿ. ಹಣ ಹಿಡಿದಿಡುವ ಹಕ್ಕು ಬೇಕೆನ್ನುವವರು, ನಿಯಮ ಬರೆಯುವ ಹಕ್ಕು ಬೇಕೆನ್ನುವವರು ನಷ್ಟ ಹೊರುವ ಹೊಣೆಯನ್ನು ಮಾತ್ರ ಇತರರಿಗೆ ಬಿಡುವಂತಿಲ್ಲ. ಅತಿಥಿಯೂ ಮನೆಯವರೂ ಪರಸ್ಪರ ದೂರುವುದನ್ನು ಬಿಟ್ಟು, ಒಂದೇ ದೂರು ಪತ್ರಕ್ಕೆ ಒಟ್ಟಿಗೆ ಸಹಿ ಹಾಕಲಿ. ಆ ಬಾಕಿ ಆಗ ಮಾತ್ರ ವಸೂಲಾದೀತು.